ಟ್ರೇಲರ್ ಮೇಲೆ ಬಂದ ಕಾರಿಗೆ ಕಪ್ ಕೊಡಬಹುದಾ? ಕ್ಲಬ್ ರ‍್ಯಾಲಿಯ ಬಹುಮಾನಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು

ಮಿಡ್‌ಲ್ಯಾಂಡ್ಸ್ ಎಂಜಿ
ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನಲ್ಲಿ, ಕೊವೆಂಟ್ರಿ ಹತ್ತಿರ. ನನ್ನದು 1978ರ ಎಂಜಿಬಿ ಸ್ಪೋರ್ಟ್ಸ್ ಕಾರು, ಕಪ್ಪು ರಬ್ಬರ್ ಬಂಪರಿನದು. ಇಲ್ಲಿ ಹಳೇ ಬ್ರಿಟಿಷ್ ಕಾರುಗಳ ಒಂದು ಕ್ಲಬ್ಬಿನಲ್ಲಿ ಸದಸ್ಯನಾಗಿದ್ದೇನೆ. ಪ್ರತಿ ಬೇಸಿಗೆಯಲ್ಲಿ ಒಂದು ದಿನದ ರ‍್ಯಾಲಿ ಇರುತ್ತದೆ. ಬೆಳಿಗ್ಗೆ ಹಳ್ಳಿ ರಸ್ತೆಗಳಲ್ಲಿ ಸಾಲಾಗಿ ಓಡಿಸುತ್ತೇವೆ. ಮಧ್ಯಾಹ್ನ ಒಂದು ಮೈದಾನದಲ್ಲಿ ನಿಲ್ಲಿಸುತ್ತೇವೆ. ಬಂದವರೆಲ್ಲ ಚೀಟಿಯಲ್ಲಿ ಮತ ಹಾಕುತ್ತಾರೆ, ಸಂಜೆ ಕಪ್ ಕೊಡುತ್ತಾರೆ.

ಈ ಸಲ ‘ದಿನದ ಅತ್ಯುತ್ತಮ ಕಾರು’ ಕಪ್ ಒಂದು ಜಾಗ್ವಾರ್ ಇ-ಟೈಪ್‌ಗೆ ಹೋಯಿತು. ಕಾರು ಬಹಳ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬಂದದ್ದು ಮುಚ್ಚಿದ ಟ್ರೇಲರಿನಲ್ಲಿ. ಬೆಳಗಿನ ಓಟಕ್ಕೆ ಬರಲಿಲ್ಲ. ಮೈದಾನದೊಳಕ್ಕೆ ನಾಲ್ಕು ಜನ ತಳ್ಳಿಕೊಂಡು ಬಂದರು. ಸಂಜೆವರೆಗೂ ಎಂಜಿನ್ ಸದ್ದು ಕೇಳಲಿಲ್ಲ. ಅದರ ಪಕ್ಕದಲ್ಲೇ ಒಂದು ಮಾರಿಸ್ ಮೈನರ್ ಟ್ರಾವೆಲರ್ ನಿಂತಿತ್ತು. ಪಶ್ಚಿಮ ವೇಲ್ಸ್‌ನಿಂದ ಮಳೆಯಲ್ಲಿ ಓಡಿಸಿಕೊಂಡು ಬಂದದ್ದು. ಹಿಂಭಾಗದ ಮರದ ಚೌಕಟ್ಟನ್ನು ಮಾಲೀಕರೇ ತಮ್ಮ ಶೆಡ್ಡಿನಲ್ಲಿ ಮಾಡಿದ್ದಾರೆ. ಅದಕ್ಕೆ ಒಂದು ಫಲಕವೂ ಸಿಗಲಿಲ್ಲ.

ಮುಂದಿನ ವರ್ಷಕ್ಕೆ ಬಹುಮಾನಗಳ ಪಟ್ಟಿ ಬದಲಿಸಬೇಕಾ ಎಂದು ಸಮಿತಿಯವರು ಸದಸ್ಯರನ್ನು ಕೇಳಿದ್ದಾರೆ. ನನಗನಿಸುವುದು ಇಷ್ಟು: ಕ್ಲಬ್ ಯಾವುದಕ್ಕೆ ಕಪ್ ಕೊಡುತ್ತದೋ ಸದಸ್ಯರು ಅದನ್ನೇ ಮಾಡಲು ಹೋಗುತ್ತಾರೆ. ಹೊಳಪಿಗೆ ಮಾತ್ರ ಕೊಟ್ಟರೆ ಕಾರುಗಳು ರಸ್ತೆ ಬಿಟ್ಟು ಶೆಡ್ ಸೇರುತ್ತವೆ. ನಿಮ್ಮ ಕಡೆ ಹೇಗೆ ನಡೆಯುತ್ತದೆ? ಯಾವ ಬಹುಮಾನ ಇರಬೇಕು, ಯಾವುದು ಬೇಡ?

ಪೋರ್ಟ್‌ಲ್ಯಾಂಡ್ ಟಿಆರ್
ನಮ್ಮಲ್ಲೂ ಇದೇ ಗಲಾಟೆ ಸ್ವಾಮಿ. ಅಮೆರಿಕದ ಈ ಭಾಗದಲ್ಲಿ ‘ಆಲ್ ಬ್ರಿಟಿಷ್ ಫೀಲ್ಡ್ ಮೀಟ್’ ಅಂತ ದೊಡ್ಡ ಮೇಳಗಳು ಆಗುತ್ತವೆ. ನಾನು ಹೋಗುವುದು ಟ್ರಯಂಫ್ ಟಿಆರ್ 6 ತೆಗೆದುಕೊಂಡು. ನಾನು ನೋಡಿದ ಕಡೆಯೆಲ್ಲ ಮತ ಹಾಕುವುದು ಕಾರು ತಂದವರು ಮಾತ್ರ, ಸುಮ್ನೆ ನೋಡಲು ಬಂದವರಲ್ಲ. ಅದೂ ವರ್ಗವಾರು. ಟಿಆರ್ 6ಗಳು ಟಿಆರ್ 6ಗಳ ಜೊತೆ, ಎಂಜಿಬಿಗಳು ಎಂಜಿಬಿಗಳ ಜೊತೆ. ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಮತ ಕೇಳಿದರೆ ಇ-ಟೈಪ್ ಅಲ್ಲದೆ ಬೇರೆ ಯಾವುದು ಗೆಲ್ಲುತ್ತದೆ ಹೇಳಿ?

ಇನ್ನೊಂದು ಬಹುಮಾನ ನನಗೆ ಬಹಳ ಇಷ್ಟ. ದಾರಿಯಲ್ಲಿ ಕೆಟ್ಟು ನಿಂತರೂ ಅಲ್ಲೇ ರಿಪೇರಿ ಮಾಡಿಕೊಂಡು ಬಂದು ಸೇರಿದವರಿಗೆ ಕೊಡುವ ‘ಹಾರ್ಡ್ ಲಕ್’ ಪ್ರಶಸ್ತಿ. ಒಂದು ಸಲ ಅದು ಸಿಕ್ಕಿದ್ದು ಎಸ್‌ಯು ಪಂಪ್ (ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ಕಳಿಸುವ ಕಾರಿನೊಳಗಿನ ಪಂಪ್) ಪದೇ ಪದೇ ನಿಂತುಹೋಗುತ್ತಿದ್ದ ಒಬ್ಬ ಅಜ್ಜನಿಗೆ. ಆ ಪಂಪಿನ ಒಳಗಿನ ಪಾಯಿಂಟ್ಸ್ (ಕರೆಂಟ್ ಕೂಡಿಸಿ ಬಿಡಿಸುವ ತುದಿಗಳು) ಸವೆದರೆ ಅದು ಹಾಗೇ ಅಂಟಿಕೊಳ್ಳುತ್ತದೆ, ಒಂದು ಏಟು ಕೊಟ್ಟರೆ ಮತ್ತೆ ಟಕ ಟಕ ಶುರು. ಅಜ್ಜ ದಾರಿಯುದ್ದಕ್ಕೂ ಇಳಿದಿಳಿದು ಪಂಪಿಗೆ ಸ್ಪ್ಯಾನರಿನಲ್ಲಿ ಬಡಿಯುತ್ತಾ ಬಂದಿದ್ದರು. ಆ ದಿನದ ದೊಡ್ಡ ಚಪ್ಪಾಳೆ ಅವರಿಗೇ.

ಹೊಸಬ
ಟ್ರೇಲರಿನಲ್ಲಿ ತರುವುದು ತಪ್ಪಾ? ಗೊತ್ತಿಲ್ಲದೆ ಕೇಳುತ್ತಿದ್ದೇನೆ.

ಅಂಕಪಟ್ಟಿ
ತಪ್ಪಲ್ಲ. ಯಾವ ಸ್ಪರ್ಧೆ ಎನ್ನುವುದರ ಮೇಲೆ ಹೋಗುತ್ತದೆ.

ನಾನು ಅಮೆರಿಕದ ಪೂರ್ವ ಕರಾವಳಿಯಲ್ಲಿ ಜಾಗ್ವಾರ್ ಕ್ಲಬ್ಬುಗಳ ಕಾನ್‌ಕೋರ್‌ಗಳಲ್ಲಿ ತೀರ್ಪುಗಾರನಾಗಿ ಕೆಲಸ ಮಾಡುತ್ತೇನೆ. ಕಾನ್‌ಕೋರ್ ಅಂದರೆ ಕಾರುಗಳ ಅಂದ, ಸ್ಥಿತಿ ನೋಡಿ ಬಹುಮಾನ ಕೊಡುವ ಸ್ಪರ್ಧೆ. ಉತ್ತರ ಅಮೆರಿಕದ ಜಾಗ್ವಾರ್ ಕ್ಲಬ್ಬುಗಳ ಒಕ್ಕೂಟ ಈ ಜಗಳವನ್ನು ಎಷ್ಟೋ ಹಿಂದೆಯೇ ಬಗೆಹರಿಸಿಕೊಂಡಿದೆ. ಎರಡು ಮುಖ್ಯ ವಿಭಾಗ ಇಟ್ಟಿದ್ದಾರೆ. ‘ಚಾಂಪಿಯನ್’ ವಿಭಾಗದಲ್ಲಿ 100 ಅಂಕದಿಂದ ಶುರು. ಹೊರಗೆ, ಒಳಗೆ, ಎಂಜಿನ್ ಭಾಗ, ಡಿಕ್ಕಿ ಎಲ್ಲ ನೋಡಿ ತಪ್ಪಿಗೆ ಕಳೆಯುತ್ತಾ ಹೋಗುತ್ತೇವೆ. ‘ಡ್ರಿವನ್’ ವಿಭಾಗದಲ್ಲಿ 10 ಅಂಕ. ಇದು ಓಡಿಸುವವರಿಗಾಗಿ ಇರುವುದು. ಅಲ್ಲಿ ಬಾನೆಟ್ ಎತ್ತಿಸುವುದಿಲ್ಲ, ಡಿಕ್ಕಿ ತೆಗೆಸುವುದಿಲ್ಲ. ಓಡಿಸುವ ಕಾರಿನ ಎಂಜಿನ್ ಮೇಲೆ ಎಣ್ಣೆ, ಧೂಳು ಇದ್ದೇ ಇರುತ್ತದೆ, ಅದಕ್ಕೆ ಅಂಕ ಕಳೆಯುವುದು ಸರಿಯಲ್ಲ ಎಂಬ ಲೆಕ್ಕ.

ಇನ್ನೊಂದು ಮುಖ್ಯ ವಿಷಯ. ಎಂಜಿನ್ ಸ್ಟಾರ್ಟ್ ಆಗಲೇಬೇಕು. ಹಾರ್ನ್, ಲೈಟು, ಇಂಡಿಕೇಟರ್ ಕೆಲಸ ಮಾಡಬೇಕು. ತಳ್ಳಿಕೊಂಡು ಬಂದು ತಳ್ಳಿಕೊಂಡು ಹೋಗುವ ಕಾರಿಗೆ ನಮ್ಮಲ್ಲಿ ಅಂಕ ಉಳಿಯುವುದಿಲ್ಲ. ಎಂಜಿ ಅವರೇ, ನಿಮ್ಮ ಕ್ಲಬ್ಬಿಗೆ ಬೇಕಾಗಿರುವುದು ಇಷ್ಟೇ. ಟ್ರೇಲರ್ ಬೇಡ ಎನ್ನಬೇಡಿ, ಎಂಜಿನ್ ಶುರುಮಾಡಿ ಎನ್ನಿ.

ಕುಡ್ಲದ ಮೈನರ್
ವೇಲ್ಸಿಂದ ಬಂದ ಟ್ರಾವೆಲರಿಗೆ ಏನೂ ಕೊಡಲಿಲ್ಲವಾ? ಎಂಥ ಅನ್ಯಾಯ ಮಾರಾಯ್ರೆ! ಆ ಮರ ಬರೀ ಅಲಂಕಾರಕ್ಕೆ ಇರುವುದಲ್ಲ, ಹಿಂದಿನ ಬಾಡಿ ನಿಂತಿರುವುದೇ ಅದರ ಮೇಲೆ. ಕೊಳೆತರೆ ಅಲ್ಲಿನ ವಾರ್ಷಿಕ ತಪಾಸಣೆಯಲ್ಲಿ ಫೇಲ್ ಮಾಡುತ್ತಿದ್ದರಂತೆ. ಅದನ್ನು ಕೈಯಾರೆ ಮಾಡಿದವರಿಗೆ ನಾನಾದರೆ ಎರಡು ಕಪ್ ಕೊಡುತ್ತಿದ್ದೆ.

ಸರ್ರೆ ಮಿನಿ
ಈಗ ಬ್ರಿಟನ್‌ನಲ್ಲಿ 40 ವರ್ಷ ದಾಟಿದ ಕಾರಿಗೆ ದೊಡ್ಡ ಬದಲಾವಣೆ ಮಾಡಿರದಿದ್ದರೆ ಆ ತಪಾಸಣೆಯಿಂದ ವಿನಾಯಿತಿ ಇದೆ, ರಸ್ತೆ ತೆರಿಗೆಯೂ ಇಲ್ಲ. ಹಾಗಂತ ಕಾರು ಚೆನ್ನಾಗಿರಬೇಕಿಲ್ಲ ಅಂತಲ್ಲ, ಜವಾಬ್ದಾರಿ ಮಾಲೀಕರದೇ. ಅದಕ್ಕೇ ನನಗೆ ಅನಿಸುವುದು, ಸುರಕ್ಷಿತವಾಗಿ ಇಟ್ಟ ಕಾರಿಗೂ ಒಂದು ಬಹುಮಾನ ಬೇಕು. ಬ್ರೇಕ್ ಪೈಪು, ಟೈರಿನ ವಯಸ್ಸು, ವೈರಿಂಗ್ ಯಾರೂ ನೋಡುವುದೇ ಇಲ್ಲ. ಎಲ್ಲರೂ ಪೇಂಟ್ ನೋಡುತ್ತಾರೆ.

ಮೈಸೂರು ಗ್ಯಾರೇಜ್
ಮಿನಿ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ನಾನು ಮೆಕ್ಯಾನಿಕ್, ಹಳೇ ಗಾಡಿಗಳೇ ಜಾಸ್ತಿ ಬರುತ್ತವೆ. ಮಾರಿಸ್ ಮೈನರ್ ಮುಂದಿನ ಚಕ್ರಕ್ಕೆ ಟ್ರನಿಯನ್ ಅಂತ ಬರುತ್ತದೆ, ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗಲು ಆಧಾರವಾಗಿರುವ ಥ್ರೆಡ್ ಇರುವ ಕೀಲು. ಅದಕ್ಕೆ ಹೊತ್ತುಹೊತ್ತಿಗೆ ಗ್ರೀಸ್ ಹೊಡೆಯದಿದ್ದರೆ ಥ್ರೆಡ್ ಸವೆದು ಒಂದು ದಿನ ಚಕ್ರ ಮಡಚಿಕೊಂಡು ಬಿಡುತ್ತದೆ. ಹೊರಗೆ ಕನ್ನಡಿ ಥರ ಪೇಂಟ್, ಒಳಗೆ ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಮೂತಿ) ಮೇಲೂ ಪೇಂಟ್. ಅಂದರೆ ಗ್ರೀಸ್ ಗನ್ ಹಾಕಿಯೇ ಇಲ್ಲ ಅಂತ ಅರ್ಥ. ಅಂಥ ಗಾಡಿಗಳು ಟ್ರೋಫಿ ಹೊತ್ತುಕೊಂಡು ಹೋಗಿದ್ದನ್ನು ನೋಡಿದ್ದೇನೆ. ತೀರ್ಪುಗಾರರು ಒಮ್ಮೆ ಬಗ್ಗಿ ಕೆಳಗೆ ನೋಡಬೇಕು ಸಾರ್.

ಹೆರಾಲ್ಡ್ ಮಗಳು
ಗ್ಯಾರೇಜ್ ಅಣ್ಣ, ನಮ್ಮ ಹೆರಾಲ್ಡ್‌ಗೂ ಟ್ರನಿಯನ್ ಇದೆ. ಅದಕ್ಕೂ ಗ್ರೀಸೇ ಹೊಡೆಯಬೇಕಾ?

ಮೈಸೂರು ಗ್ಯಾರೇಜ್
ಬೇಡಮ್ಮ! ಹೆರಾಲ್ಡ್‌ನ ಕೆಳಗಿನ ಟ್ರನಿಯನ್‌ಗೆ ಗೇರ್ ಆಯಿಲ್, 90 ನಂಬರಿನದು. ಗ್ರೀಸ್ ಹಾಕಿದರೆ ಗಟ್ಟಿಯಾಗಿ ಕೂತು ಥ್ರೆಡ್‌ವರೆಗೆ ಹೋಗುವುದಿಲ್ಲ. ನೀರು ಸೇರಿ ತುಕ್ಕು ಹಿಡಿದು ಮುರಿಯುತ್ತದೆ. ಇದನ್ನು ದಯವಿಟ್ಟು ಎಲ್ಲ ಹೆರಾಲ್ಡ್ ಇಟ್ಟವರಿಗೂ ಹೇಳಿ.

ಹೆರಾಲ್ಡ್ ಮಗಳು
ಧನ್ಯವಾದ ಅಣ್ಣ. ಅಪ್ಪ ಆಯಿಲೇ ಹಾಕುತ್ತಿದ್ದರು, ಈಗಿನ ಗ್ಯಾರೇಜಿನವರು ಗ್ರೀಸ್ ಎನ್ನುತ್ತಿದ್ದಾರೆ. ಅದಕ್ಕೆ ಕೇಳಿದೆ.

ಈಗ ಬಹುಮಾನದ ವಿಷಯ. ನಮ್ಮದು 1967ರ ಸ್ಟ್ಯಾಂಡರ್ಡ್ ಹೆರಾಲ್ಡ್, ಮದ್ರಾಸಿನಲ್ಲಿ ತಯಾರಾದದ್ದು. ಅಪ್ಪನ ಕೈಯಿಂದ ನನ್ನ ಕೈಗೆ ಬಂದಿದೆ. ಬೆಂಗಳೂರಿನಲ್ಲಿ ಒಂದು ರ‍್ಯಾಲಿಗೆ ಹೋದಾಗ ನಮ್ಮ ವರ್ಗದ ಬಹುಮಾನಗಳೆಲ್ಲ ಒಬ್ಬರೇ ಸಂಗ್ರಹಕಾರರ ಕಾರುಗಳಿಗೆ ಹೋದವು. ಕಾರು ಓಡಿಸಿದ್ದು ಅವರ ಡ್ರೈವರುಗಳು. ಬಹುಮಾನ ತೆಗೆದುಕೊಳ್ಳಲು ವೇದಿಕೆ ಹತ್ತಿದವರು ಬೇರೆ. ಆ ಕಾರುಗಳ ಬಗ್ಗೆ ಏನಾದರೂ ಕೇಳಿದರೆ ಅಲ್ಲಿದ್ದವರಿಗೆ ಉತ್ತರ ಗೊತ್ತಿರಲಿಲ್ಲ. ನನಗೆ ಬೇಜಾರಾಗಿದ್ದು ಕಪ್ ಸಿಗಲಿಲ್ಲ ಅಂತ ಅಲ್ಲ. ಹೆರಾಲ್ಡ್‌ನ ಮುಂಭಾಗ ಪೂರ್ತಿ ಮುಂದಕ್ಕೆ ಮಗುಚುತ್ತದೆ, ಚಕ್ರದ ಮಡ್‌ಗಾರ್ಡ್ ಸಮೇತ. ಅದನ್ನು ತೆರೆದಿಟ್ಟು ಮಕ್ಕಳಿಗೆ ತೋರಿಸುತ್ತಾ ನಿಂತಿದ್ದೆ. ತೀರ್ಪುಗಾರರು ನಮ್ಮ ಸಾಲಿನ ಮುಂದೆ ನಿಲ್ಲಲೂ ಇಲ್ಲ.

ಒಂದೇ ಮನೆಯಲ್ಲಿ ಉಳಿದು ಬಂದ ಕಾರಿಗೆ ಒಂದು ಬಹುಮಾನ ಇಡಿ ಎಂಜಿ ಸರ್. ಅದು ದುಡ್ಡಿನಿಂದ ಗೆಲ್ಲುವಂಥದ್ದಲ್ಲ.

ಅಂಬಾಸಿಡರ್ ಅಭಿಮಾನಿ
ಹೆರಾಲ್ಡ್ ಮೇಡಮ್ ಹೇಳಿದ್ದು ನೂರಕ್ಕೆ ನೂರು ಖರೆ. ನಮ್ಮ ಹುಬ್ಬಳ್ಳಿ ಕಡೆಯಿಂದ ಒಂದು ಪ್ರಶ್ನೆ ರೀ. ಅಂಬಾಸಿಡರ್ ಬ್ರಿಟಿಷ್ ಕಾರು ಹೌದೋ ಅಲ್ಲೋ? ಇಂಗ್ಲೆಂಡಿನ ಕ್ಲಬ್ಬಿನ ರ‍್ಯಾಲಿಗೆ ಬಿಟ್ಟುಕೊಳ್ಳುತ್ತಾರಾ?

ಪೋರ್ಟ್‌ಲ್ಯಾಂಡ್ ಟಿಆರ್
ಭಾರತದ ಕಾರು ಅಲ್ವಾ ಅದು? ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದದ್ದು.

ಅಂಬಾಸಿಡರ್ ಅಭಿಮಾನಿ
ತಯಾರಾದದ್ದು ಅಲ್ಲಿ. ಹುಟ್ಟಿದ್ದು ಆಕ್ಸ್‌ಫರ್ಡ್ ಪಕ್ಕದ ಕೌಲಿಯಲ್ಲಿ. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅನ್ನೇ ನಮ್ಮಲ್ಲಿ ಅಂಬಾಸಿಡರ್ ಮಾಡಿದರು. ಅದಕ್ಕೂ ಮೊದಲು ಬಂದ ಲ್ಯಾಂಡ್‌ಮಾಸ್ಟರ್ ಅಂದರೆ ಆಕ್ಸ್‌ಫರ್ಡ್ ಸೀರೀಸ್ 2. ಬ್ರಿಟನ್‌ನಲ್ಲಿ ಆ ಮಾದರಿ 1959ರಲ್ಲಿ ನಿಂತಿತು, ನಮ್ಮಲ್ಲಿ 2014ರವರೆಗೆ ಬಂತು. ಬ್ರಿಟಿಷ್ ಕಾರನ್ನು ಬ್ರಿಟಿಷರಿಗಿಂತ ಜಾಸ್ತಿ ಕಾಲ ಉಳಿಸಿದವರು ನಾವು.

ಮತ್ತೊಂದು ಕೇಳಿ. ಹಳೇ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಬಿಎಂಸಿಯ (ಮಾರಿಸ್, ಎಂಜಿ ಎರಡನ್ನೂ ಮಾಡುತ್ತಿದ್ದ ಬ್ರಿಟಿಷ್ ಕಂಪನಿ) ಬಿ-ಸೀರೀಸ್. ಎಂಜಿಎ 1500 ಸ್ಪೋರ್ಟ್ಸ್ ಕಾರಿನಲ್ಲಿ ಇದ್ದದ್ದೂ 1489 ಸಿಸಿ ಬಿ-ಸೀರೀಸ್. ಮಿಡ್‌ಲ್ಯಾಂಡ್ಸ್ ಸರ್ ಅವರ ಎಂಜಿಬಿಯಲ್ಲಿ ಇರುವುದು ಅದೇ ಮನೆತನದ 1798 ಸಿಸಿ. ಅಂದಮೇಲೆ ನಮ್ಮ ಗಾಡಿ ನಿಮಗೆ ದಾಯಾದಿ ಆಗಲಿಲ್ಲವೇನು?

ಮಿಡ್‌ಲ್ಯಾಂಡ್ಸ್ ಎಂಜಿ
ಖಂಡಿತ ಹೌದು! ಇಲ್ಲಿ ಕೂಡ ಅಂಬಾಸಿಡರ್‌ಗಳಿವೆ. 1990ರ ದಶಕದಲ್ಲಿ ಫುಲ್‌ಬೋರ್ ಎಂಬ ಕಂಪನಿ ಭಾರತದಿಂದ ತರಿಸಿ ಮಾರಿತ್ತು. ಮಾರಿಸ್ ಸಾಲಿನಲ್ಲಿ ನಿಲ್ಲಿಸಬೇಕು ಎನ್ನುವುದೇ ನನ್ನ ಅಭಿಪ್ರಾಯ. ಇದನ್ನೂ ಸಮಿತಿಗೆ ಬರೆಯುತ್ತೇನೆ.

ಚಿಕ್ಕಮಗಳೂರು ಲ್ಯಾಂಡಿ
ನನ್ನ ವಾದ ಬೇರೆ. ಬಹುಮಾನಗಳು ಕಾರುಗಳನ್ನು ಹಾಳು ಮಾಡುತ್ತಿವೆ. ಯಾಕೆ ಅಂತ ಹೇಳುತ್ತೇನೆ.

ಲ್ಯಾಂಡ್ ರೋವರ್ ಮೊದಲು ಹೊರಗೆ ಬಂದದ್ದು 1948ರ ಏಪ್ರಿಲ್ 30ರಂದು, ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ. ಯುದ್ಧ ಮುಗಿದ ಕಾಲ, ಬ್ರಿಟನ್‌ನಲ್ಲಿ ಉಕ್ಕಿಗೆ ರೇಷನ್. ಅದಕ್ಕೇ ಗಾಡಿಯ ಹೊರಮೈಗೆ ಅಲ್ಯೂಮಿನಿಯಂ ಮಿಶ್ರಲೋಹ ಹಾಕಿದರು. ಹೊಲದಲ್ಲಿ ಕೆಲಸ ಮಾಡಲು ಹುಟ್ಟಿದ ಗಾಡಿ ಅದು. ಕಾರ್ಖಾನೆಯಿಂದ ಬಂದಾಗಲೂ ಪೇಂಟ್ ಈಗಿನ ರ‍್ಯಾಲಿಗಳಲ್ಲಿ ನೋಡುವಷ್ಟು ಹೊಳೆಯುತ್ತಿರಲಿಲ್ಲ. ಈಗ ನೋಡಿದರೆ ಆ ಮೊದಲ ಮಾದರಿಯ, ಅಂದರೆ ಸೀರೀಸ್ 1 ಗಾಡಿಗಳಿಗೆ ಎಂಟು ಕೋಟು ಪೇಂಟ್, ಮೇಲೆ ಲ್ಯಾಕರ್, ಸೀಟಿಗೆ ಚರ್ಮ. ಕಪ್ ಸಿಗುತ್ತದೆ ಅಂತ ಹೀಗೆ ಮಾಡುತ್ತಾರೆ. ಹಳೇ ಪೇಂಟ್ ಕೆರೆದು ಹಾಕಿದ ಮೇಲೆ ಅದು ಮತ್ತೆ ಬರುವುದಿಲ್ಲ.

ನಮ್ಮ ದೊಡ್ಡಪ್ಪನ ತೋಟದಲ್ಲಿ ಒಂದು ಸೀರೀಸ್ 2 ಇದೆ. ಕಾಫಿ ಮೂಟೆ ಎಳೆದ ಗುರುತು ಹಿಂಬಾಗಿಲ ಮೇಲೆ ಹಾಗೇ ಇದೆ. ಟಿಂಕರಿಂಗ್ ಮಾಡಿಸಿ ಎಂದು ರ‍್ಯಾಲಿಯವರೇ ಸಲಹೆ ಕೊಟ್ಟರು. ನಾವು ಮಾಡಿಸಲಿಲ್ಲ. ಮಾಡಿಸುವುದೂ ಇಲ್ಲ.

ಅಂಕಪಟ್ಟಿ
ಲ್ಯಾಂಡಿ ಅವರೇ, ಗಾಳಿ ನಿಮ್ಮ ಕಡೆಗೇ ಬೀಸುತ್ತಿದೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಕಾನ್‌ಕೋರ್ ಗೊತ್ತಲ್ಲ, 1950ರಲ್ಲಿ ಶುರುವಾದದ್ದು. ಹೊಳಪಿನ ಸ್ಪರ್ಧೆ ಅಂದರೆ ಎಲ್ಲರೂ ಮೊದಲು ಹೆಸರಿಸುವುದು ಅದನ್ನೇ. ಅಲ್ಲಿ 2024ರಲ್ಲಿ ದೊಡ್ಡ ಬಹುಮಾನ ಸಿಕ್ಕಿದ್ದು 1934ರ ಬುಗಾಟಿ ಟೈಪ್ 59ಕ್ಕೆ. ಹೊಸದಾಗಿ ಪೇಂಟ್ ಮಾಡಿಸದೆ ಇದ್ದ ಹಾಗೇ ಉಳಿಸಿಕೊಂಡ ಕಾರು. ಆ ಥರದ ಕಾರಿಗೆ ಅಲ್ಲಿ ಮೊದಲ ಸ್ಥಾನ ಹೋದದ್ದು ಅದೇ ಮೊದಲು. ಫ್ರೆಂಚ್ ಕಾರು, ನಮ್ಮ ವಿಷಯಕ್ಕೆ ಹೊರಗಿನದು, ಆದರೂ ಹೇಳಿದೆ. ಅಲ್ಲೇ ಬದಲಾದ ಮೇಲೆ ಊರಿನ ಕ್ಲಬ್ಬುಗಳು ಬದಲಾಗಲು ಏನಡ್ಡಿ?

ಸರ್ರೆ ಮಿನಿ
‘ಇದ್ದ ಹಾಗೇ ಉಳಿಸಿದ್ದು’ ಅನ್ನುವುದನ್ನು ಅಳೆಯುವುದು ಹೇಗೆ? ಸೋಮಾರಿತನದಿಂದ ತುಕ್ಕು ಹಿಡಿಸಿದವರೂ ಅದನ್ನೇ ಹೇಳುತ್ತಾರೆ.

ಚಿಕ್ಕಮಗಳೂರು ಲ್ಯಾಂಡಿ
ತುಕ್ಕು ಬೇರೆ, ಬಳಕೆಯ ಗುರುತು ಬೇರೆ. ಚಾಸಿ ಗಟ್ಟಿ ಇದೆಯಾ, ತೂತು ಬಿದ್ದಿಲ್ಲವಾ, ಓಡುತ್ತದಾ, ಹಳೇ ಸೀಟಿನ ಬಟ್ಟೆ ಹೊಲಿಸಿ ಉಳಿಸಿದ್ದಾರಾ. ನೋಡುವ ಕಣ್ಣು ಇದ್ದವರಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಮಿಡ್‌ಲ್ಯಾಂಡ್ಸ್ ಎಂಜಿ
ಇಲ್ಲಿ ಒಂದು ಅನುಕೂಲ ಇದೆ. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂನವರ ಬಳಿ ಹಳೇ ಕಾರ್ಖಾನೆಗಳ ದಾಖಲೆಗಳಿವೆ. ಚಾಸಿ ನಂಬರ್ ಕೊಟ್ಟರೆ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ. ಯಾವಾಗ ತಯಾರಾಯಿತು, ಯಾವ ಬಣ್ಣ, ಯಾವ ಊರಿಗೆ ಕಳಿಸಿದರು, ಎಂಜಿನ್ ನಂಬರ್ ಏನು, ಎಲ್ಲ ಇರುತ್ತದೆ. ಅದನ್ನು ಕಾರಿನ ಮುಂದೆ ಇಟ್ಟರೆ ವಾದಕ್ಕೆ ಜಾಗವೇ ಇರುವುದಿಲ್ಲ.

ಇದು ನನ್ನ ಕಾರಿಗೂ ಸಂಬಂಧಪಟ್ಟದ್ದು. ಎಂಜಿಬಿ 1962ರಿಂದ 1980ರವರೆಗೆ ಬಂತು. 1974ರ ಕೊನೆಯಲ್ಲಿ ಅಮೆರಿಕದ ಬಂಪರ್ ಕಾನೂನಿಗಾಗಿ ಕ್ರೋಮ್ ಬಂಪರ್ ತೆಗೆದು ದಪ್ಪ ಕಪ್ಪು ರಬ್ಬರಿನದು ಹಾಕಿದರು, ಕಾರಿನ ಎತ್ತರವನ್ನೂ ಏರಿಸಿದರು. ಜನಕ್ಕೆ ಅದು ಇಷ್ಟವಿಲ್ಲ. ಹಾಗಾಗಿ ಬಹಳ ಜನ ರಬ್ಬರ್ ಕಿತ್ತು ಕ್ರೋಮ್ ಹಾಕಿಸುತ್ತಾರೆ. ಮತದ ಚೀಟಿ ಇರುವ ಕಡೆ ಹಾಗೆ ಮಾಡಿದವರಿಗೇ ಓಟು ಬೀಳುತ್ತದೆ. ನಮ್ಮ ಮೈದಾನದಲ್ಲಿ ಕಾರ್ಖಾನೆಯಿಂದ ಬಂದ ಹಾಗೇ ಇರುವ ರಬ್ಬರ್ ಬಂಪರ್ ಎಂಜಿಬಿಗಳು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿವೆ. ಬಹುಮಾನ ಕಾರನ್ನು ಬದಲಿಸುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ಪೋರ್ಟ್‌ಲ್ಯಾಂಡ್ ಟಿಆರ್
ಅವರ ಕಾರು, ಅವರಿಷ್ಟ. ಚೆಂದ ಕಾಣಬೇಕು ಎನ್ನುವುದೂ ಪ್ರೀತಿಯೇ ಅಲ್ವಾ?

ಮಿಡ್‌ಲ್ಯಾಂಡ್ಸ್ ಎಂಜಿ
ಹಾಕಿಸಿಕೊಳ್ಳಲಿ, ಬೇಡ ಎನ್ನುವುದಿಲ್ಲ. ಅದನ್ನು ‘ಮೂಲ ಸ್ಥಿತಿ’ ವರ್ಗದಲ್ಲಿ ನಿಲ್ಲಿಸಬಾರದು, ಅಷ್ಟೇ.

ಮೈಸೂರು ಗ್ಯಾರೇಜ್
ಮೂಲ ಅಂದರೆ ಎಷ್ಟು ಮೂಲ ಸಾರ್? ಎಂಜಿಬಿಗೆ ಪೂರ್ತಿ ಹೊಸ ಬಾಡಿಯೇ ಸಿಗುತ್ತದಂತಲ್ಲ?

ಮಿಡ್‌ಲ್ಯಾಂಡ್ಸ್ ಎಂಜಿ
ಸಿಗುತ್ತದೆ. ಬ್ರಿಟಿಷ್ ಮೋಟರ್ ಹೆರಿಟೇಜ್ ಕಂಪನಿ 1988ರಿಂದ ಹೊಸ ಬಾಡಿಶೆಲ್ ಮಾಡುತ್ತಿದೆ, ಹಳೇ ಅಚ್ಚುಗಳನ್ನೇ ಬಳಸಿ. ತುಕ್ಕು ತಿಂದ ಕಾರುಗಳಿಗೆ ಅದು ಜೀವದಾನ. ಹಳೆಯ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಹೊಸ ಶೆಲ್ಲಿಗೆ ಕೂರಿಸುತ್ತಾರೆ.

ಅಂಬಾಸಿಡರ್ ಅಭಿಮಾನಿ
ಬಾಡಿ ಹೊಸದು ಅಂದಮೇಲೆ ಅದು ಹಳೇ ಕಾರು ಹೆಂಗಾಯ್ತು ರೀ?

ಸರ್ರೆ ಮಿನಿ
ಇಲ್ಲಿನ ಸಾರಿಗೆ ಇಲಾಖೆ ಬಹಳ ವರ್ಷ ಒಂದು ಅಂಕದ ಲೆಕ್ಕ ಇಟ್ಟುಕೊಂಡಿತ್ತು. ಬಹಳ ಬದಲಾವಣೆ ಆದ ಗಾಡಿ ಹಳೇ ನಂಬರ್ ಉಳಿಸಿಕೊಳ್ಳಲು 8 ಅಂಕ ಬೇಕಿತ್ತು. ಚಾಸಿ ಅಥವಾ ಬಾಡಿಶೆಲ್‌ಗೆ 5. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೇರಿಂಗ್‌ಗೆ ತಲಾ 2. ಎಂಜಿನ್‌ಗೆ ಬರೀ 1. ನಾವೆಲ್ಲ ಎಂಜಿನ್ ನಂಬರ್ ಹಿಡಿದು ಜಗಳವಾಡುತ್ತೇವೆ, ಅವರ ಲೆಕ್ಕದಲ್ಲಿ ಅದಕ್ಕೇ ಕಡಿಮೆ ಬೆಲೆ! ಕ್ಲಬ್ಬುಗಳು ಬಹುಮಾನಕ್ಕೂ ಇಂಥ ಸರಳ ಲೆಕ್ಕ ಮಾಡಿಕೊಂಡರೆ ತಲೆನೋವು ಕಡಿಮೆ.

ಹೊಸಬ
ಭಾರತದಲ್ಲಿ ಹೇಗೆ? ನನ್ನ ಮಾವನ ಬಳಿ ಬೇಬಿ ಹಿಂದೂಸ್ತಾನ್ ಇದೆ.

ಹೆರಾಲ್ಡ್ ಮಗಳು
ಬೇಬಿ ಹಿಂದೂಸ್ತಾನ್ ಅಂದರೆ ಮಾರಿಸ್ ಮೈನರ್, ಜೋಪಾನವಾಗಿ ಇಟ್ಟುಕೊಳ್ಳಿ! ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿದೆ. 50 ವರ್ಷ ದಾಟಿದ, ದೊಡ್ಡ ಮಾರ್ಪಾಡು ಮಾಡಿರದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಆಮೇಲೆ ನವೀಕರಣಕ್ಕೆ 5,000. ನಂಬರಿನ ನಡುವೆ ‘ವಿಎ’ ಅಕ್ಷರ ಬರುತ್ತದೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ಹಾಗಾಗಿ ನಮ್ಮಲ್ಲಿ ರ‍್ಯಾಲಿಗಳು ಇನ್ನೂ ಮುಖ್ಯ. ಎಷ್ಟೋ ಕಾರುಗಳು ಹೊರಗೆ ಬರುವುದೇ ಆ ದಿನ.

ಹೊಸಬ
ಬಹಳ ಉಪಕಾರ ಮೇಡಮ್. ಮಾವನಿಗೆ ತೋರಿಸುತ್ತೇನೆ.

ಕುಡ್ಲದ ಮೈನರ್
ಹೊಸಬರೇ, ಮೈನರ್ ಬಗ್ಗೆ ಒಂದು ಒಳ್ಳೆಯ ಸಂಗತಿ ಹೇಳಿ ಮಾವನಿಗೆ. ಬ್ರಿಟನ್‌ನಲ್ಲಿ ತಯಾರಿಕೆ 10 ಲಕ್ಷ ದಾಟಿದ ಮೊದಲ ಕಾರು ಅದು. ಆ ನೆನಪಿಗೆ 1961ರಲ್ಲಿ ನೇರಳೆ ಬಣ್ಣದ ವಿಶೇಷ ಮೈನರ್‌ಗಳನ್ನು ಬಿಟ್ಟರು. ಆಗ ಅಷ್ಟು ಸಾಮಾನ್ಯವಾಗಿದ್ದ ಕಾರು ಅಂತಲೇ ಈಗ ಯಾರೂ ಕಪ್ ಕೊಡುವುದಿಲ್ಲ. ಅದು ನನಗೆ ಸರಿ ಕಾಣುವುದಿಲ್ಲ.

ಸರ್ರೆ ಮಿನಿ
ಸಾಮಾನ್ಯ ಕಾರುಗಳಿಗೇ ಅಂತ ಒಂದು ದೊಡ್ಡ ಹಬ್ಬ ಇದೆ ಇಲ್ಲಿ. ಹಳೇ ಕಾರುಗಳಿಗೆ ವಿಮೆ ಮಾಡುವ ಹ್ಯಾಗರ್ಟಿ ಕಂಪನಿಯವರ ‘ಫೆಸ್ಟಿವಲ್ ಆಫ್ ದಿ ಅನ್‌ಎಕ್ಸೆಪ್ಷನಲ್’. 2014ರಿಂದ ನಡೆಯುತ್ತಿದೆ. ಲಿಂಕನ್‌ಶೈರ್‌ನ ಗ್ರಿಮ್ಸ್‌ಥಾರ್ಪ್ ಕೋಟೆಯ ಹುಲ್ಲುಹಾಸಿನಲ್ಲಿ ಮಾರಿಸ್ ಮರೀನಾ, ಆಸ್ಟಿನ್ ಅಲೆಗ್ರೋ ಥರದ ಕಾರುಗಳನ್ನು ನಿಲ್ಲಿಸಿ ಅವುಗಳಿಗೂ ಕಾನ್‌ಕೋರ್ ನಡೆಸುತ್ತಾರೆ. ಇ-ಟೈಪ್‌ಗಳು 70,000ಕ್ಕೂ ಜಾಸ್ತಿ ತಯಾರಾದವು, ಬಹಳಷ್ಟು ಉಳಿದಿವೆ, ಯಾಕೆಂದರೆ ಬೆಲೆ ಇದೆ. ಲಕ್ಷಗಟ್ಟಲೆ ಬಂದ ಅಲೆಗ್ರೋಗಳಲ್ಲಿ ಈಗ ರಸ್ತೆ ಮೇಲೆ ಕಾಣುವುದು ಬೆರಳೆಣಿಕೆ. ಹಾಗಾದರೆ ಯಾವುದನ್ನು ಉಳಿಸಿದವರು ಜಾಸ್ತಿ ಕಷ್ಟಪಟ್ಟಿದ್ದಾರೆ?

ಅಂಕಪಟ್ಟಿ
ಈ ಮಾತು ಒಪ್ಪುತ್ತೇನೆ. ಆದರೆ ಎಲ್ಲರೂ ಸೇರಿ ಇ-ಟೈಪ್ ಮಾಲೀಕರನ್ನು ಖಳನಾಯಕ ಮಾಡುತ್ತಿದ್ದೀರಿ, ಅದು ಬೇಡ. ಟ್ರೇಲರಿನಲ್ಲಿ ತರುವವರಿಗೆ ನೂರು ಕಾರಣ ಇರುತ್ತವೆ. ಕೆಲವರಿಗೆ ವಯಸ್ಸಾಗಿರುತ್ತದೆ, ಹಳೇ ಕಾರಿನ ಭಾರದ ಕ್ಲಚ್ ಒತ್ತಿ ದೂರ ಓಡಿಸಲು ಮೊಣಕಾಲು ಬಿಡುವುದಿಲ್ಲ. ಕೆಲವು ಕಾರುಗಳಿಗೆ ಬಿಡಿಭಾಗ ಜಗತ್ತಿನಲ್ಲೇ ಸಿಗುವುದಿಲ್ಲ. ಉಪ್ಪು ಹಾಕಿದ ರಸ್ತೆಯಲ್ಲಿ ಓಡಿಸಿ ಚಾಸಿ ತಿನ್ನಿಸಿ ಎಂದು ಹೇಳುವುದು ಕಾರಿನ ಮೇಲಿನ ಪ್ರೀತಿಯಲ್ಲ. ಇ-ಟೈಪ್‌ನವರು ಆ ಕಾರಿಗೆ ಎಷ್ಟು ವರ್ಷ ಕೊಟ್ಟಿದ್ದಾರೋ ನಮಗೆ ಗೊತ್ತಾ?

ಹೆರಾಲ್ಡ್ ಮಗಳು
ಸರಿಯಾಗಿ ಹೇಳಿದಿರಿ. ಅಪ್ಪನಿಗೆ ಕೊನೆಯ ವರ್ಷಗಳಲ್ಲಿ ಓಡಿಸಲು ಆಗುತ್ತಿರಲಿಲ್ಲ. ಆಗ ನಾವೂ ಟ್ರಕ್ಕಿನ ಮೇಲೆ ಹಾಕಿಕೊಂಡು ಹೋಗಿದ್ದೆವು. ಆ ದಿನ ಯಾರಾದರೂ ‘ನಿಮ್ಮ ಕಾರು ಸ್ಪರ್ಧೆಗೆ ಇಲ್ಲ’ ಅಂದಿದ್ದರೆ ಅವರಿಗೆ ಬಹಳ ನೋವಾಗುತ್ತಿತ್ತು.

ಮಿಡ್‌ಲ್ಯಾಂಡ್ಸ್ ಎಂಜಿ
ಇದನ್ನು ಮನಸ್ಸಿಗೆ ತೆಗೆದುಕೊಳ್ಳುತ್ತೇನೆ ಮೇಡಮ್. ಟ್ರೇಲರ್ ನಿಷೇಧ ಬೇಡ. ಬಹುಮಾನದ ವೇದಿಕೆಗೆ ಕಾರು ತನ್ನ ಎಂಜಿನ್ ಬಲದಿಂದಲೇ ಬರಬೇಕು ಅಂತ ಇಟ್ಟರೆ? ಮೈದಾನದೊಳಗೆ ನೂರು ಗಜ. ಯಾರು ಬೇಕಾದರೂ ಓಡಿಸಲಿ.

ಅಂಕಪಟ್ಟಿ
ಅದು ನ್ಯಾಯ.

ಪೋರ್ಟ್‌ಲ್ಯಾಂಡ್ ಟಿಆರ್
ನನಗೂ ಓಕೆ. ಇನ್ನೊಂದು ಸೇರಿಸಿ: ಒಮ್ಮೆ ದೊಡ್ಡ ಕಪ್ ಗೆದ್ದ ಕಾರು ಮುಂದಿನ ಕೆಲವು ವರ್ಷ ಅದೇ ಕಪ್‌ಗೆ ನಿಲ್ಲಬಾರದು. ಪ್ರದರ್ಶನಕ್ಕೆ ಬರಲಿ, ಮತಕ್ಕೆ ಬೇಡ. ಇಲ್ಲದಿದ್ದರೆ ವರ್ಷವೂ ಅದೇ ಕಾರು, ಅದೇ ಫೋಟೋ. ಹೊಸಬರು ಬರುವುದನ್ನೇ ಬಿಡುತ್ತಾರೆ.

ಮೈಸೂರು ಗ್ಯಾರೇಜ್
ಬಹುಮಾನದ ಜಗಳ ಬರೀ ಊರ ಕ್ಲಬ್ಬಿನದಲ್ಲ ಬಿಡಿ. 1966ರ ಮಾಂಟೆ ಕಾರ್ಲೋ ರ‍್ಯಾಲಿ ನೆನಪಿದೆಯಾ? ಮಿನಿ ಕೂಪರ್‌ಗಳು ಮೊದಲ ಮೂರೂ ಸ್ಥಾನ ಗೆದ್ದವು. ಹೆಡ್‌ಲೈಟ್ ಬಲ್ಬು ನಿಯಮದಂತೆ ಇಲ್ಲ ಅಂತ ಮೂರನ್ನೂ ಹೊರಗೆ ಹಾಕಿದರು. ಕಪ್ ಸಿಟ್ರೊಯೆನ್‌ಗೆ ಹೋಯಿತು. ನಮ್ಮ ಗುರುಗಳು ಈ ಕಥೆ ಹೇಳುವಾಗ ಈಗಲೂ ಕೆಂಪಾಗುತ್ತಾರೆ.

ಸರ್ರೆ ಮಿನಿ
ಮಿನಿ ಇಟ್ಟವರ ಮುಂದೆ ಆ ವರ್ಷದ ಮಾತೆತ್ತಬೇಡಿ ಅಣ್ಣ! 1964, 65, 67 ಗೆದ್ದದ್ದು ನಮ್ಮದೇ. 66 ಕೂಡ ನಮ್ಮದೇ ಎಂದು ನಾನು ಹೇಳುವವಳು.

ವೇದಿಕೆ ನಿರ್ವಾಹಕ
ಮಾಂಟೆ ಕಾರ್ಲೋ ಚರ್ಚೆಗೆ ಬೇರೆ ಎಳೆ ಶುರುಮಾಡಿ. ಇಲ್ಲಿ ಕ್ಲಬ್ ಬಹುಮಾನದ ಮಾತು ಮುಂದುವರಿಯಲಿ.

ಕುಡ್ಲದ ಮೈನರ್
ನನ್ನದೊಂದು ದೊಡ್ಡ ಸಲಹೆ. ಒಬ್ಬರಿಗೆ ಕಪ್ ಯಾಕೆ, ಮುಗಿಸಿದವರಿಗೆಲ್ಲ ಪದಕ ಕೊಡಿ. ಲಂಡನ್‌ನಿಂದ ಬ್ರೈಟನ್‌ಗೆ ನವೆಂಬರಿನ ಮೊದಲ ಭಾನುವಾರ ಹಳೇ ಗಾಡಿಗಳ ಓಟ ಇದೆಯಲ್ಲ, 1905ಕ್ಕೂ ಮೊದಲಿನ ಗಾಡಿಗಳದ್ದು. ಅದು ರೇಸ್ ಅಲ್ಲ. ಯಾರು ಮೊದಲು ಬಂದರು ಅಂತ ಲೆಕ್ಕ ಇಲ್ಲ. ಸುಮಾರು 60 ಮೈಲಿ. ಸಂಜೆ ನಾಲ್ಕೂವರೆಯೊಳಗೆ ಬ್ರೈಟನ್ ಮುಟ್ಟಿದವರಿಗೆಲ್ಲ ಪದಕ. 120 ವರ್ಷ ಹಳೆಯ ಗಾಡಿ ಅಷ್ಟು ದೂರ ಹೋದರೆ ಅದೇ ಗೆಲುವು. ಎಲ್ಲರೂ ಖುಷಿಯಾಗಿ ಮನೆಗೆ ಹೋಗುತ್ತಾರೆ.

ಅಂಬಾಸಿಡರ್ ಅಭಿಮಾನಿ
ಎಲ್ಲರಿಗೂ ಕೊಟ್ಟರೆ ಬಹುಮಾನಕ್ಕೆ ಬೆಲೆ ಎಲ್ಲಿ ಬಂತು ರೀ? ನಾಲ್ಕು ಮಂದಿ ಎದುರು ಹೆಸರು ಕರೆದಾಗಲೇ ಅದರ ಮಜಾ.

ಕುಡ್ಲದ ಮೈನರ್
ಅಲ್ಲಿಗೆ ಮುಟ್ಟುವುದೇ ಕಷ್ಟ ಇದ್ದಾಗ ಬೆಲೆ ಇರುತ್ತದೆ. ಎಷ್ಟೋ ಗಾಡಿಗಳು ದಾರಿಯಲ್ಲೇ ನಿಲ್ಲುತ್ತವೆ.

ಅಂಕಪಟ್ಟಿ
ಆ ಓಟಕ್ಕೆ ಹೊಂದುತ್ತದೆ, 1970ರ ಎಂಜಿಬಿಗಳಿಗೆ ಹೊಂದುವುದಿಲ್ಲ. ಅವು 60 ಮೈಲಿ ಆರಾಮಾಗಿ ಹೋಗುತ್ತವೆ.

ಚಿಕ್ಕಮಗಳೂರು ಲ್ಯಾಂಡಿ
ದಿಲ್ಲಿಯ ರೈಲು ಮ್ಯೂಸಿಯಂನಲ್ಲಿ 1914ರ ಜಾನ್ ಮಾರಿಸ್ ಅಗ್ನಿಶಾಮಕ ಗಾಡಿ ಇದೆ. ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ ಮಾಡಿದ್ದು, ನಿಜಾಮರ ರೈಲ್ವೆಗೆ ಬಂದದ್ದು. ಅದು ಸ್ಟೇಟ್ಸ್‌ಮನ್ ಪತ್ರಿಕೆಯವರ ರ‍್ಯಾಲಿಯಲ್ಲಿ ದಿಲ್ಲಿ ರಸ್ತೆಗಳಲ್ಲಿ ಓಡುತ್ತಾ ಬಂದಿದೆ. ಮ್ಯೂಸಿಯಂನ ಗಾಡಿಯೇ ರಸ್ತೆಗಿಳಿಯುತ್ತದೆ. ಇನ್ನು ಖಾಸಗಿ ಕಾರುಗಳಿಗೆ ಟ್ರೇಲರ್ ಯಾಕೆ ಅಂತ ನನಗಿನ್ನೂ ಅರ್ಥವಾಗುತ್ತಿಲ್ಲ. ಮೇಲೆ ಹೇಳಿದ ಮೊಣಕಾಲಿನ ಕಾರಣ ಒಪ್ಪಿದೆ. ಬೇರೆ ಕಾರಣಗಳನ್ನು ಒಪ್ಪುವುದಿಲ್ಲ.

ಮಿಡ್‌ಲ್ಯಾಂಡ್ಸ್ ಎಂಜಿ
ಎಲ್ಲರ ಮಾತು ಓದಿ ಸಮಿತಿಗೆ ಪತ್ರ ಬರೆದು ಕಳಿಸಿದೆ. ದೊಡ್ಡ ಕಪ್ ಇರಲಿ, ಆದರೆ ಕಾರು ವೇದಿಕೆಗೆ ತಾನೇ ಓಡಿ ಬರಬೇಕು, ಗೆದ್ದ ಕಾರು ಮೂರು ವರ್ಷ ಮತಕ್ಕೆ ನಿಲ್ಲಬಾರದು. ಬೆಳಗಿನ ಓಟ ಮುಗಿಸಿದ ಕಾರುಗಳಿಗೆ ಅಷ್ಟೇ ದೊಡ್ಡ ಇನ್ನೊಂದು ಕಪ್, ಇದರಲ್ಲಿ ಬಾನೆಟ್ ತೆಗೆಸುವುದಿಲ್ಲ. ಹೆರಿಟೇಜ್ ಸರ್ಟಿಫಿಕೇಟಿನ ಜೊತೆ ಮೂಲ ಸ್ಥಿತಿಯಲ್ಲಿರುವ ಕಾರಿಗೆ ಒಂದು. ಒಂದೇ ಮನೆಯಲ್ಲಿ ಉಳಿದ ಕಾರಿಗೆ ಒಂದು. ದಾರಿಯಲ್ಲಿ ಕೆಟ್ಟರೂ ಬಿಡದೆ ಬಂದವರಿಗೆ ಒಂದು. ಕೈಯಾರೆ ಮಾಡಿದ ಕೆಲಸಕ್ಕೆ ಒಂದು. ಈ ಕೊನೆಯದನ್ನು ಬರೆಯುವಾಗ ಆ ಟ್ರಾವೆಲರ್ ಮಾಲೀಕರ ಮರದ ಕೆಲಸದ ಫೋಟೋವನ್ನೂ ಅವರ ಒಪ್ಪಿಗೆ ಪಡೆದು ಲಗತ್ತಿಸಿದೆ.

ಕೆಳಗೆ ಬಗ್ಗಿ ನೋಡುವ ತಪಾಸಣೆಯನ್ನೂ ಕೇಳಿದ್ದೇನೆ. ಅದಕ್ಕೆ ಗೊತ್ತಿರುವ ಮೆಕ್ಯಾನಿಕ್ ಬೇಕು, ಇಲ್ಲಿ ಸ್ವಯಂಸೇವಕರು ಸಿಗುವುದೇ ಕಷ್ಟ.

ಮೈಸೂರು ಗ್ಯಾರೇಜ್
ಗ್ರೀಸ್ ನಿಪ್ಪಲ್, ಬ್ರೇಕ್ ಪೈಪು, ಟೈರಿನ ದಿನಾಂಕ, ಬ್ಯಾಟರಿ ಕಟ್ಟಿರುವ ರೀತಿ. ಈ ನಾಲ್ಕು ನೋಡಲು ಮೆಕ್ಯಾನಿಕ್ ಬೇಡ ಸಾರ್, ಟಾರ್ಚ್ ಸಾಕು. ಎಲ್ಲಿ ನೋಡಬೇಕು ಅಂತ ಫೋಟೋ ಸಮೇತ ನಾನೇ ಬರೆದು ಕೊಡುತ್ತೇನೆ. ಎಂಜಿಬಿಗೆ, ಮೈನರ್‌ಗೆ, ಹೆರಾಲ್ಡ್‌ಗೆ ಬೇರೆ ಬೇರೆ.

ಹೆರಾಲ್ಡ್ ಮಗಳು
ಅದನ್ನು ಇಲ್ಲೂ ಹಾಕಿ ಅಣ್ಣ. ಬೆಂಗಳೂರಿನ ರ‍್ಯಾಲಿಯವರಿಗೂ ಕಳಿಸುತ್ತೇನೆ.

ಪೋರ್ಟ್‌ಲ್ಯಾಂಡ್ ಟಿಆರ್
ಟಿಆರ್ 6 ಬಿಟ್ಟುಬಿಟ್ಟಿರಲ್ಲ! ಅದರ ಹಿಂದಿನ ಚಾಸಿಯಲ್ಲಿ ಡಿಫರೆನ್ಷಿಯಲ್ ಕೂರುವ ಬ್ರಾಕೆಟ್ ಬಿರುಕು ಬಿಡುತ್ತದೆ, ಅದನ್ನೂ ಸೇರಿಸಿ.

ಅಂಬಾಸಿಡರ್ ಅಭಿಮಾನಿ
ಮತ್ತೆ ನಮ್ಮ ಅಂಬಾಸಿಡರ್ ವಿಷಯ ಪತ್ರದಲ್ಲಿ ಬರೆದಿರೋ ಇಲ್ಲೋ?

ಮಿಡ್‌ಲ್ಯಾಂಡ್ಸ್ ಎಂಜಿ
ಬರೆದಿದ್ದೇನೆ ಸರ್. ಅದಕ್ಕೆ ಮಾತ್ರ ಆಗಲೇ ಉತ್ತರ ಬಂದಿದೆ: ಮಾರಿಸ್ ಸಾಲಿನಲ್ಲಿ ಜಾಗ ಕೊಡುತ್ತಾರೆ, ಮತಕ್ಕೂ ನಿಲ್ಲಬಹುದು. ಉಳಿದದ್ದರ ತೀರ್ಮಾನ ಸಮಿತಿ ಸಭೆಯ ನಂತರ. ಬಂದ ತಕ್ಷಣ ಇಲ್ಲಿ ಹಾಕುತ್ತೇನೆ.